ಕೆರೆಯಿಂದ ನಾನು ಎಳೆದ ಮೂರು ಮರ

ದೀಕ್ಷಾ, ಪ್ರಣಮ್,

ನಾನು ಸ್ವೀಡನ್ನಿನಿಂದ ಬಂದ ದಿನದಿಂದ ನೀವಿಬ್ಬರೂ "ಅಜ್ಜಿ, ಅಲ್ಲಿ ಎಂತ ನೋಡಿದ್ದು?" ಎಂದು ಕೇಳುತ್ತಲೇ ಇದ್ದೀರಿ. ನಾನು "ಚಳಿ ಉಂಟು ಮಕ್ಕಳೇ" ಎಂದು ಹೇಳಿ ಅಡುಗೆಕೋಣೆಗೆ ಹೋಗುತ್ತೇನೆ. ಹೇಳಲು ಮನಸ್ಸಿಲ್ಲದೆ ಅಲ್ಲ. ನಾಲ್ಕು ಜನರ ಎದುರು ಬಾಯಿ ಬಿಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಅದೂ ಅಲ್ಲದೆ, ನೋಡಿದ್ದರಲ್ಲಿ ಅರ್ಧಕ್ಕರ್ಧ ನನಗೇ ಅರ್ಥವಾಗಲಿಲ್ಲ. ಬರೆಯುವಾಗ ಯಾರೂ ನಮ್ಮ ಮುಖ ನೋಡುವುದಿಲ್ಲವಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ, ತಪ್ಪಿದ್ದರೆ ತಿದ್ದಿಕೊಳ್ಳಿ. ಅಲ್ಲಿ ಮನೆಯೊಳಗೆ ನಾವು ಆಡಿದ್ದೆಲ್ಲ ತುಳುವಿನಲ್ಲಿ. ನಿಮಗೆ ಓದಲು ಸುಲಭವಾಗಲಿ ಎಂದು ಅದನ್ನೂ ಕನ್ನಡಕ್ಕೆ ತಂದಿದ್ದೇನೆ.

ಹೋದ ಕಾರಣ ನಿಮಗೆ ಗೊತ್ತೇ ಇದೆ. ನಿಮ್ಮ ಶಶಿ ಅತ್ತೆ ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ಅವಳ ಗಂಡ ಜಗದೀಶ ಹೋಟೆಲಿನಲ್ಲಿ ಅಡುಗೆ ಮಾಡುವವನು, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಮನೆಗೆ. ಎರಡು ತಿಂಗಳು ನಾನು ಹೋಗಿ ಮನೆ ನೋಡಿಕೊಳ್ಳುವುದೆಂದು ಆಯಿತು. ಮೂಡುಬಿದಿರೆಯ ಸ್ಟುಡಿಯೋದಲ್ಲಿ ಫೋಟೊ ತೆಗೆಸಿ, ಕಾಗದಪತ್ರ ಮಾಡಿಸಿ, ವೀಸಾ ಕೈಗೆ ಬರುವಷ್ಟರಲ್ಲಿ ಅವಳ ಪ್ಲಾಸ್ಟರ್ ಬಿಚ್ಚಿಯಾಗಿತ್ತು. ಆದರೂ ಭಾರ ಎತ್ತಬಾರದು ಎಂದಿದ್ದರಂತೆ. ಟಿಕೆಟು ಮಾಡಿದ್ದಾಗಿದೆಯಲ್ಲ ಎಂದು ಹೊರಟೆ.

ವಿಮಾನ ಬದಲಿಸಿದಲ್ಲಿ

ನಡುವೆ ಒಂದು ಕಡೆ ಇಳಿದು ಬೇರೆ ವಿಮಾನ ಹತ್ತಬೇಕಿತ್ತು. ಆ ನಿಲ್ದಾಣ ನಮ್ಮ ಬಂಟ್ವಾಳ ಪೇಟೆಗಿಂತ ದೊಡ್ಡದು. ಜನ ಎಲ್ಲ ದಿಕ್ಕಿಗೂ ಓಡುತ್ತಿದ್ದರು. ನನ್ನ ವಿಮಾನದಿಂದಲೇ ಇಳಿದ, ಕಾಟನ್ ಸೀರೆ ಉಟ್ಟ ಒಬ್ಬ ಹೆಂಗಸು ಎದುರಿಗೆ ಕಂಡರು. ಇವರು ತಿಳಿದವರಿರಬೇಕು ಎಂದು ಅವರ ಹಿಂದೆಯೇ ನಡೆದೆ. ಅವರು ಓಡುವ ಮೆಟ್ಟಿಲು ಹತ್ತಿದರು, ನಾನೂ ಕಣ್ಣು ಮುಚ್ಚಿ ಹತ್ತಿದೆ. ಅವರು ಬಲಕ್ಕೆ ತಿರುಗಿದರು, ನಾನೂ ತಿರುಗಿದೆ. ಕಡೆಗೆ ಒಂದು ಗೋಡೆಯ ಎದುರು ನಿಂತು ಹಿಂದೆ ನೋಡಿ ಮಲಯಾಳದಲ್ಲಿ ಏನೋ ಕೇಳಿದರು. ನನಗೆ ತಿಳಿದ ಮಟ್ಟಿಗೆ, ಅವರಿಗೂ ದಾರಿ ಗೊತ್ತಿರಲಿಲ್ಲ. ಹಿಂದೆ ಒಬ್ಬರು ಅಷ್ಟು ಧೈರ್ಯದಲ್ಲಿ ಬರುತ್ತಿದ್ದಾರಲ್ಲ, ದಾರಿ ಸರಿಯೇ ಇರಬೇಕು ಎಂದು ನಡೆದದ್ದಂತೆ. ಕೊನೆಗೆ ಒಬ್ಬ ಕೆಲಸದವನು ನಮ್ಮಿಬ್ಬರನ್ನೂ ಬ್ಯಾಟರಿ ಗಾಡಿಯಲ್ಲಿ ಕೂರಿಸಿ, ಅವರನ್ನೊಂದು ಬಾಗಿಲಲ್ಲಿ, ನನ್ನನ್ನೊಂದು ಬಾಗಿಲಲ್ಲಿ ಇಳಿಸಿದ.

ಶಶಿಯ ಊರಿನಲ್ಲಿ

ಆ ಊರಿನ ಹೆಸರು ನನಗೆ ಹೇಳಲು ಬರುವುದಿಲ್ಲ, ಬರೆಯಲೂ ಬರುವುದಿಲ್ಲ. ಬೆಳ್ತಂಗಡಿ ಪೇಟೆಯಷ್ಟು ದೊಡ್ಡದಿರಬಹುದು, ಆದರೆ ಸದ್ದಿಲ್ಲ. ಬಸ್ಸಿನಲ್ಲಿ ಮೂವತ್ತು ಜನ ಕೂತಿದ್ದರೂ ಡ್ರೈವರ್ ಒಬ್ಬನೇ ಹೋಗುತ್ತಿದ್ದಾನೇನೋ ಎನ್ನಿಸುತ್ತದೆ. ಒಬ್ಬರ ಪಕ್ಕ ಇನ್ನೊಬ್ಬರು ಕೂರುವುದಿಲ್ಲ. ನಾನು ಒಂದು ದಿನ ಜಾಗ ಉಂಟಲ್ಲ ಎಂದು ಒಬ್ಬಳು ಮುದುಕಿಯ ಪಕ್ಕ ಕೂತೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಬಸ್ಸಿನ ಖಾಲಿ ಸೀಟುಗಳನ್ನೆಲ್ಲ ಒಂದೊಂದಾಗಿ ನೋಡಿದಳು.

ಮೆಡಿಕಲ್ಲಿಗೆ ಹೋದರೆ ಬಾಗಿಲ ಬಳಿ ನಂಬರಿನ ಚೀಟಿ ಹರಿದುಕೊಳ್ಳಬೇಕು. ನನಗದು ಗೊತ್ತಿರಲಿಲ್ಲ. ಅಂಗಡಿಯಲ್ಲಿ ನಾನೊಬ್ಬಳೇ. ಎದುರಿಗೆ ಹುಡುಗಿ ನಿಂತಿದ್ದಾಳೆ, ನಾನೂ ನಿಂತಿದ್ದೇನೆ, ಇಬ್ಬರೂ ನಗುತ್ತಿದ್ದೇವೆ, ಮದ್ದು ಮಾತ್ರ ಬರುವುದಿಲ್ಲ. ಬಹಳ ಹೊತ್ತಾದ ಮೇಲೆ ಅವಳೇ ಬಂದು ಒಂದು ಚೀಟಿ ಹರಿದು ನನ್ನ ಕೈಗೆ ಕೊಟ್ಟು, ವಾಪಸು ಹೋಗಿ ನಿಂತು, ಆ ನಂಬರನ್ನು ಕೂಗಿದಳು!

ಇನ್ನೊಂದು, ಅಲ್ಲಿ ಅಜ್ಜಿ, ಅಮ್ಮ, ಅಕ್ಕ ಏನೂ ಇಲ್ಲ. ಸಣ್ಣ ಮಕ್ಕಳೂ ನನ್ನನ್ನು "ವಾರಿಜ" ಎಂದೇ ಕರೆದರು. ನಿಮ್ಮ ಅಜ್ಜ ನಲವತ್ತು ವರ್ಷ ಸಂಸಾರ ಮಾಡಿ "ಓ ಇವಳೇ" ಎಂದದ್ದು ಬಿಟ್ಟರೆ ಒಮ್ಮೆಯೂ ನನ್ನ ಹೆಸರು ಹಿಡಿದವರಲ್ಲ. ಮೊದಲ ದಿನ ಯಾರನ್ನು ಕರೆಯುತ್ತಿದ್ದಾರೆಂದು ನಾನೇ ಹಿಂದೆ ತಿರುಗಿ ನೋಡಿದೆ.

ಶಶಿ ಕೆಲಸ ಮಾಡುವುದು ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ, ಕೈ ಮುರಿದ ಮೇಲೆ ಹಗುರದ ಕೆಲಸ ಮಾತ್ರ. ಅವಳ ಮನೆ ಚೊಕ್ಕವಾಗಿದೆ, ಕುರ್ಚಿಗಳು ಆರು ಇವೆ. ಆದರೆ ಅವುಗಳಲ್ಲಿ ನಾಲ್ಕರ ಮೇಲೆ ಅಂಗಡಿಯಿಂದ ಬರುವಾಗಿನ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು.

"ಇದನ್ನು ಯಾಕೆ ತೆಗೆಯಲಿಲ್ಲ ಮಾರಾಯ್ತಿ?" ಎಂದೆ.

"ಯಾರು ಕೂರ್ತಾರೆ ಅಮ್ಮ? ಮೂರು ವರ್ಷ ಆಯ್ತು, ಈ ಊರಿನವರು ಒಬ್ಬರೂ ಒಳಗೆ ಬಂದವರಿಲ್ಲ. ದಾರಿಯಲ್ಲಿ ಸಿಕ್ಕಿದರೆ ನಗಾಡ್ತಾರೆ, ಇವತ್ತು ಬಿಸಿಲುಂಟು ಅಂತ ಹೇಳ್ತಾರೆ, ಹೋಗ್ತಾರೆ. ಕೆಟ್ಟವರಲ್ಲ. ಆದರೆ ಮುಂದೆ ಬರೋದಿಲ್ಲ."

ಅದನ್ನು ಅವಳು ನಗುತ್ತಲೇ ಹೇಳಿದಳು. ನನಗೆ ರೊಟ್ಟಿ ತಿರುವಿ ಹಾಕುವುದು ಮರೆತೇ ಹೋಯಿತು.

ಆ ವಾರ ಅವಳು ಕೆಲಸದಿಂದ ಓಡಿಕೊಂಡೇ ಬಂದಳು. ಅವಳು ನೋಡಿಕೊಳ್ಳುವ ಒಬ್ಬ ಅಜ್ಜಿಯ ಗಂಡ, ಹೆಸರು ಲೆನ್ನಾರ್ಟ್, ದಿನಾ ಹೆಂಡತಿಗೆ ಊಟ ಮಾಡಿಸಲು ಬರುತ್ತಾರಂತೆ. ಅವರು ಶಶಿಯನ್ನು ಶನಿವಾರ ಕೆರೆಗೆ ಕರೆದಿದ್ದಾರೆ. ಊರಿನ ಕೆಲವರು ಸೇರಿ ಕೆರೆಯ ದಡದಲ್ಲಿ ಸ್ವಂತ ಖುಷಿಯಿಂದ ಕೆಲಸ ಮಾಡುತ್ತಾರೆ, ಮೀನಿಗೆ ಒಳ್ಳೆಯದಾಗಲಿ ಎಂದು.

"ಅಮ್ಮ, ನೀವೂ ಬನ್ನಿ. ನಮ್ಮಲ್ಲಿ ದೇವಸ್ಥಾನದ ಕೆರೆಗೆ ಶ್ರಮದಾನ ಮಾಡೋದಿಲ್ವಾ, ಹಾಗೆಯೇ."

"ನಾನು ಎಂತಕ್ಕೆ? ಅವರ ಮಾತು ಬರೋದಿಲ್ಲ."

"ಶ್ರಮದಾನಕ್ಕೆ ಮಾತು ಎಂತಕ್ಕೆ? ಹೋಗುವ ಅಮ್ಮ. ನನ್ನನ್ನು ಮೊದಲ ಸಲ ಕರೆದದ್ದು."

ಶನಿವಾರ, ಕೆರೆಯ ದಡ

ಅದನ್ನು ಕೆರೆ ಎನ್ನಲು ನಾಲಿಗೆ ಬರುವುದಿಲ್ಲ. ನನ್ನ ತವರು ನರಿಕೊಂಬಿನಲ್ಲಿ ಮಳೆಗಾಲದ ನೇತ್ರಾವತಿ ನೋಡಿದ್ದೀರಲ್ಲ, ಅದಕ್ಕಿಂತಲೂ ಅಗಲ. ಮೇ ತಿಂಗಳ ಬಿಸಿಲು ಹೊಳೆಯುತ್ತಿತ್ತು, ಆದರೆ ನೀರಿಗೆ ಬೆರಳು ಅದ್ದಿದರೆ ಮೂಳೆಗೆ ತಾಗುತ್ತಿತ್ತು.

ಹತ್ತು ಹನ್ನೆರಡು ಜನ ಬಂದಿದ್ದರು. ನಮ್ಮಲ್ಲಿ ಶ್ರಮದಾನ ಎಂದರೆ ಹೇಗೆ, ನಿಮಗೆ ಗೊತ್ತು. ಕೆಲಸ ಮಾಡುವವರು ಇಪ್ಪತ್ತು, "ಅದನ್ನು ಎಳೆ, ಇದನ್ನು ಹಿಡಿ" ಎನ್ನುವವರು ಐದು. ಇಲ್ಲಿ ಹೇಳುವವರೇ ಇಲ್ಲ. ಬಂದವರು ಬಂದ ಹಾಗೆ ಒಂದೊಂದು ಕಡೆ ಬಗ್ಗಿದರು. ಇಬ್ಬರು ನೀರಂಚಿನಿಂದ ಬಾಟಲಿ, ಪ್ಲಾಸ್ಟಿಕ್ ಹೆಕ್ಕುತ್ತಿದ್ದರು. ಕೆಲವರು ದಡ ಅಗೆಯುತ್ತಿದ್ದರು. ಶಶಿಗೆ ಭಾರ ಬೇಡವೆಂದು, ಅಗೆದಲ್ಲಿ ನೆಡುವ ಸಣ್ಣ ಸಣ್ಣ ಕಡ್ಡಿಗಳನ್ನು ಎಣಿಸಿ ಕೊಡುವ ಕೆಲಸ ಕೊಟ್ಟರು. ಲೆನ್ನಾರ್ಟ್ ನನಗೆ ಒಂದು ಮಡಚುವ ಕುರ್ಚಿ ತಂದಿಟ್ಟು, ಕೂರಿ ಎಂದು ಕೈ ತೋರಿಸಿದರು. ಉದ್ದಕ್ಕೆ, ಬಿಳಿ ಗಡ್ಡ, ಮಾತು ಕಡಿಮೆ.

ಶ್ರಮದಾನಕ್ಕೆ ಹೋಗಿ ಕುರ್ಚಿಯಲ್ಲಿ ಕೂರುವುದೆಂದರೆ ನನಗೆ ಪ್ರಾಣ ಹೋದ ಹಾಗೆ. ಅರ್ಧ ಗಂಟೆ ಕೂತೆ. ಆಮೇಲೆ ಎದ್ದು ದಡದಲ್ಲೇ ಆಚೆ ನಡೆದೆ. ಒಂದು ತಿರುವು ದಾಟಿದರೆ ಹುಲ್ಲಿನ ಮರೆಯಲ್ಲಿ ನೀರೊಳಗೆ ಒಣಗಿದ ಮರದ ತುದಿಗಳು ಕಂಡವು. ಕಂದು ಬಣ್ಣಕ್ಕೆ ತಿರುಗಿದ, ಸೂಜಿಯ ಹಾಗೆ ಎಲೆ ಇರುವ ಆಳೆತ್ತರದ ಮರ. ಯಾರೋ ಕಡಿದು ಎಸೆದದ್ದು. ಒಂದೊಂದಕ್ಕೆ ಹಗ್ಗ, ಹಗ್ಗದ ತುದಿ ದಡದ ಗೂಟಕ್ಕೆ. ನನಗನಿಸಿತು: ಎಳೆದು ತೆಗೆಯಲಿಕ್ಕೆಂದೇ ಇವರು ಹಗ್ಗ ಕಟ್ಟಿಟ್ಟಿದ್ದಾರೆ, ಆ ಕೆಲಸಕ್ಕೆ ಇನ್ನೂ ಯಾರೂ ಬಂದಿಲ್ಲ.

ನಮ್ಮ ದೇವಸ್ಥಾನದ ಕೆರೆಯಿಂದ ನಾನು ಎಷ್ಟು ಬಳ್ಳಿ, ಎಷ್ಟು ಕೊಳೆತ ಗೆಲ್ಲು ಎಳೆದು ಹಾಕಿಲ್ಲ! ಕೆರೆಯಲ್ಲಿ ಕಸ ಕಂಡರೆ ಕೈ ಸುಮ್ಮನಿರುವುದಿಲ್ಲ. ಸೀರೆ ಎತ್ತಿ ಕಟ್ಟಿ, ಶಶಿಯ ಗಂಬೂಟಿನಲ್ಲಿ ನೀರಂಚಿಗೆ ಇಳಿದು, ಹಗ್ಗ ಹಿಡಿದೆ. ಬಾವಿ ಸೇದಿದ ಕೈ. ಮೊದಲನೆಯದು ಕಲ್ಲಿನ ಭಾರದೊಂದಿಗೆ ನಿಧಾನ ಬಂತು. ಎರಡನೆಯದು ಬಂತು. ಮೂರನೆಯದನ್ನು ಎಳೆಯುವಾಗ ತಿರುವಿನಾಚೆಯಿಂದ ಶಶಿ ಕಾಫಿಗೆ ಕರೆದದ್ದು ಕೇಳಿತು. ಕಾಫಿ ಎಂದರೆ ಅಲ್ಲಿ ಪೂಜೆಯ ಹಾಗೆ, ಆ ಹೊತ್ತಿಗೆ ಯಾರೂ ಬೇರೆ ಏನೂ ಮಾಡುವುದಿಲ್ಲ. ನಾನು ಮೂರನ್ನೂ ಬಿಸಿಲಿಗೆ ಸಾಲಾಗಿ ಇಟ್ಟೆ. ಗೆಲ್ಲುಗಳ ಮೇಲೆ ತಿಳಿ ಲೋಳೆಯ ಪಟ್ಟಿಗಳು ಸುತ್ತಿಕೊಂಡಿದ್ದವು, ಬಲೆಯ ಹಾಗೆ ಹೆಣೆದದ್ದು, ಒಂದೊಂದು ಮೊಳದಷ್ಟು ಉದ್ದ ಇದ್ದವು. ಪಾಚಿ ಎಂದುಕೊಂಡು ಕೈ ತೊಳೆದುಕೊಂಡು ಹೋಗಿ, ಕೊಟ್ಟ ಸಿಹಿ ಬನ್ನು ತಿಂದೆ. ಕೆಲಸ ಮಾಡಿದ ಸಮಾಧಾನದಲ್ಲಿ ಎರಡು ತಿಂದೆ.

ಕಾಫಿಯ ನಂತರ

ಲೆನ್ನಾರ್ಟ್ ತಿರುವಿನ ಕಡೆ ಹೋದರು. ಸ್ವಲ್ಪ ಹೊತ್ತು ಕಾಣಲಿಲ್ಲ. ಆಮೇಲೆ ಒಂದೇ ಒಂದು ಶಬ್ದ ಕೂಗಿದರು. ಎಲ್ಲರೂ ಎದ್ದು ಆ ಕಡೆ ನಡೆದರು, ನಾನೂ ಹೋದೆ.

ಅವರು ನೆಲಕ್ಕೆ ಮೊಣಕಾಲೂರಿ, ಕಾಫಿ ಫ್ಲಾಸ್ಕಿನ ಮುಚ್ಚಳದಲ್ಲಿ ಕೆರೆಯ ನೀರು ತಂದು ತಂದು ಆ ಲೋಳೆಯ ಮೇಲೆ ಹೊಯ್ಯುತ್ತಿದ್ದರು. ಬೇರೆಯವರೂ ಕೈಗೆ ಸಿಕ್ಕಿದ ಪಾತ್ರೆಯಲ್ಲಿ ನೀರು ತಂದರು. ಯಾರೂ ಬೊಬ್ಬೆ ಹಾಕಲಿಲ್ಲ. ಬೊಬ್ಬೆ ಹಾಕಿದ್ದರೆ ನನಗೆ ಬೇಗ ಅರ್ಥವಾಗುತ್ತಿತ್ತು. ಕಸದ ಮೇಲೆ ಇಷ್ಟು ಪ್ರೀತಿಯಿಂದ ನೀರು ಹೊಯ್ಯುವುದನ್ನು ನಾನು ಎಲ್ಲಿಯೂ ನೋಡಿಲ್ಲ.

ನಾನೂ ಬಗ್ಗಿ ನೋಡಿದೆ. ಆ ಪಟ್ಟಿಯ ತುಂಬ ಗಾಜಿನಂಥ ಸಣ್ಣ ಸಣ್ಣ ಕಾಳು. ಒಂದೊಂದು ಕಾಳಿನೊಳಗೂ ಎರಡೆರಡು ಕಪ್ಪು ಚುಕ್ಕೆ. ಅದು ಕಣ್ಣು ಮಕ್ಕಳೇ. ಜೋಡಿ ಕಣ್ಣು. ಒಂದು ಕಾಳಿನೊಳಗೆ ಏನೋ ಒಮ್ಮೆ ಮಗುಚಿತು.

ಹಗ್ಗ ಎಳೆದ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ.

ಶಶಿ ಪಕ್ಕಕ್ಕೆ ಬಂದು ಮೆಲ್ಲ ಹೇಳಿದಳು. "ಇದು ಕ್ರಿಸ್ಮಸ್ಸಿಗೆ ಮನೆಯೊಳಗೆ ಇಡ್ತಾರಲ್ಲ, ಆ ಮರ ಅಮ್ಮ. ಹಬ್ಬ ಮುಗಿದ ಮೇಲೆ ಮನೆ ಮನೆಯಿಂದ ಒಟ್ಟು ಮಾಡಿ, ಕಲ್ಲು ಕಟ್ಟಿ, ತೇಲಿ ಹೋಗದ ಹಾಗೆ ಗೂಟಕ್ಕೆ ಹಗ್ಗ ಬಿಗಿದು, ಕೆರೆ ಮಂಜುಗಡ್ಡೆಯಾಗಿರುವಾಗ ಅದರ ಮೇಲೆ ಇಡ್ತಾರಂತೆ. ಮಂಜು ಕರಗಿದಾಗ ಮರ ತನ್ನಷ್ಟಕ್ಕೆ ಮುಳುಗ್ತದೆ. ನೀರೊಳಗಿನ ಹುಲ್ಲೆಲ್ಲ ಹಾಳಾಗಿ ಮೀನಿಗೆ ಮೊಟ್ಟೆ ಇಡ್ಲಿಕ್ಕೆ ಜಾಗ ಇರ್ಲಿಲ್ಲ, ಹಾಗಾಗಿ. ಈ ಜಾಗದಲ್ಲಿ ಮೊಟ್ಟೆ ಇಟ್ಟದ್ದು ಈ ವರ್ಷವೇ ಮೊದಲು." ಹೇಳುತ್ತಾ ಹೇಳುತ್ತಾ ಅವಳ ಕಣ್ಣು ನನ್ನ ಸೀರೆಯ ಅಂಚಿಗೆ ಹೋಯಿತು. ಮೊಣಕಾಲವರೆಗೆ ಒದ್ದೆ.

ಬಿರ್ಗಿಟ್ ಎಂಬ ಹೆಂಗಸು, ಅವರ ಗುಂಪಿನ ಬರವಣಿಗೆ ನೋಡುವವಳು, ಸ್ವಲ್ಪ ದೂರದ ದಡದಲ್ಲಿದ್ದ ಒಂದು ಕೆಂಪು ಮನೆಯ ಕಡೆ ಕೈ ತೋರಿಸಿ ಏನೋ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಆ ಮನೆಯ ಎದುರು ಒಂದು ದೋಣಿ ಕಟ್ಟಿತ್ತು, ಅದರಲ್ಲಿ ಒಬ್ಬ ಗಂಡಸು ನಮಗೆ ಬೆನ್ನು ಹಾಕಿ ಏನೋ ಉಜ್ಜುತ್ತಿದ್ದ.

"ಎಂತ ಹೇಳ್ತಾರೆ?" ಎಂದೆ.

"ಆ ದೋಣಿಯವ ಮಾಡಿದ್ದು ಅಂತ. ದೋಣಿ ಹೋಗುವ ದಾರಿಗೆ ಮರ ಅಡ್ಡ ಆಗ್ತದೆ ಅಂತ ಮೊದಲೇ ತಕರಾರು ಮಾಡಿದ್ದನಂತೆ. ಈಗ ಅವನ ಮೇಲೆ ದೂರು ಬರೀತಾರೆ." ಬಿರ್ಗಿಟ್ ಆಗಲೇ ಚೀಲದಿಂದ ಪುಸ್ತಕ, ಪೆನ್ನು ತೆಗೆದಿದ್ದಳು. ಅಲ್ಲಿಯವರು ಬೈಯುವುದಿಲ್ಲ, ಬರೆಯುತ್ತಾರೆ.

"ಶಶಿ, ಅದು..."

"ಗೊತ್ತಾಯ್ತು. ನೀವು ಸುಮ್ಮನಿರಿ ಅಮ್ಮ."

"ಅವನು ಎಂತ ಮಾಡಿದ್ದಾನೆ ಪಾಪ? ಅವನು ದೋಣಿ ಉಜ್ಜಿಕೊಂಡು ಇದ್ದಾನೆ."

"ಅಮ್ಮ, ನೀವು ಇನ್ನು ಮೂರು ವಾರದಲ್ಲಿ ಊರಿಗೆ ಹೋಗ್ತೀರಿ. ನಾನು ಇಲ್ಲಿಯೇ ಇರಬೇಕು." ಅವಳು ನನ್ನ ಮೊಣಕೈ ಹಿಡಿದಳು. "ಇವತ್ತು ಕರೆದದ್ದು. ಇವತ್ತೇ ಹೀಗೆ ಆದರೆ ಇನ್ನು ಕರೀತಾರಾ ಇವರು?"

ಏನು ಮಾಡುವುದೆಂದು ನನಗೆ ತಿಳಿಯಲಿಲ್ಲ. ಸುಮ್ಮನಿರುವುದು ನನಗೆ ಕಷ್ಟವಲ್ಲ, ಜೀವಮಾನವೆಲ್ಲ ಅದನ್ನೇ ಮಾಡಿದ್ದೇನೆ. ಮಗಳು ಹೇಳಿದ್ದೂ ಸುಳ್ಳಲ್ಲ. ಆ ದೋಣಿಯವನ ಮುಖವನ್ನೂ ನಾನು ಕಂಡವಳಲ್ಲ. ಬಿರ್ಗಿಟ್ ಒಂದು ಸಾಲು ಬರೆದು ಮುಗಿಸಿ ಎರಡನೆಯದು ಶುರು ಮಾಡಿದಳು. ಅವಳ ಪೆನ್ನು ಹೋಗುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹೋಗಿ ಹಗ್ಗ ಎತ್ತಿಕೊಂಡೆ. ಎಲ್ಲರ ಎದುರು ಬಾವಿ ಸೇದುವ ಹಾಗೆ ಎಳೆದು ತೋರಿಸಿ, ಎದೆಗೆ ಕೈ ಇಟ್ಟು, ತುಳುವಿನಲ್ಲೇ "ಯಾನ್ ದೆತ್ತಿನಿ" ಎಂದೆ. ನಾನು ತೆಗೆದದ್ದು.

ಎಲ್ಲರೂ ಶಶಿಯ ಮುಖ ನೋಡಿದರು. ಅವಳು ನನ್ನನ್ನು ನೋಡಿದಳು, ನೆಲ ನೋಡಿದಳು, ಆಮೇಲೆ ಅವರ ಮಾತಿನಲ್ಲಿ ಹೇಳಿದಳು. ಸ್ವಲ್ಪವೇ ಹೇಳಿದಳು. ಬಿರ್ಗಿಟ್ ಪುಸ್ತಕ ಮುಚ್ಚಿದಳು.

ಲೆನ್ನಾರ್ಟ್ ಏನೋ ಕೇಳಿದರು. "ಯಾಕೆ ತೆಗೆದದ್ದು ಅಂತ ಕೇಳ್ತಾರೆ," ಎಂದಳು ಶಶಿ.

"ನಮ್ಮಲ್ಲಿ ಕೆರೆಗೆ ಶ್ರಮದಾನ ಅಂದರೆ ಒಳಗಿನದ್ದೆಲ್ಲ ಹೊರಗೆ ಹಾಕುವುದು. ಬಳ್ಳಿ, ಗೆಲ್ಲು, ಪಾಚಿ. ನೀರು ಕನ್ನಡಿಯ ಹಾಗೆ ಆಗಬೇಕು. ಹಾಗೆ ಹೇಳು."

ಅವರು ಅದನ್ನು ಗಮನವಿಟ್ಟು ಕೇಳಿ ಇನ್ನೊಂದು ಪ್ರಶ್ನೆ ಕೇಳಿದರು. ಸಿಟ್ಟಿನಿಂದ ಅಲ್ಲ, ತಿಳಿಯಬೇಕು ಎಂದೇ ಕೇಳಿದ ಹಾಗಿತ್ತು. "ಹಾಗಾದರೆ ನಿಮ್ಮಲ್ಲಿ ಮೀನು ಮೊಟ್ಟೆ ಇಡುವುದು ಎಲ್ಲಿ?"

ಮೊದಲ ಮಳೆಗೆ ಹೊಳೆಯ ಮೀನು ಗದ್ದೆಗೆ ಹತ್ತುತ್ತದಲ್ಲ, ನಾವು ಉಬರ್ ಎನ್ನುತ್ತೇವಲ್ಲ, ಅದು ನೆನಪಾಯಿತು. ಹೊಟ್ಟೆ ಉಬ್ಬಿದ ಮೀನನ್ನೇ ಆರಿಸಿ ಬುಟ್ಟಿಗೆ ಹಾಕುತ್ತಿದ್ದೆವು. ಮೊಟ್ಟೆ ಹುರಿದರೆ ಎಷ್ಟು ರುಚಿ. ಅವು ಯಾಕೆ ಹತ್ತಿ ಬರುತ್ತವೆ ಎಂದು ಈ ವಯಸ್ಸಿನವರೆಗೂ ನಾನು ಕೇಳಿರಲಿಲ್ಲ. ನಮ್ಮ ಬೈಲಿಗೆ ಅವು ಬಾರದೆ ಎಷ್ಟು ಮಳೆಗಾಲ ಹೋಯಿತೋ, ಅದನ್ನೂ ಯೋಚಿಸಿರಲಿಲ್ಲ. ಇದನ್ನೆಲ್ಲ ಶಶಿಗೆ ಹೇಳಿ ಹೇಳಿಸಲು ಆ ಹೊತ್ತಿಗೆ ನನ್ನಿಂದ ಆಗಲಿಲ್ಲ. "ಗೊತ್ತಿಲ್ಲ ಅಂತ ಹೇಳು," ಎಂದೆ.

ಆ ಮೇಲೆ ಎಲ್ಲರೂ ಸೇರಿ ಮೂರು ಮರಗಳನ್ನೂ ನೀರಿಗೆ ಇಳಿಸಿದರು. ನಾನು ಮುಂದೆ ಹೋಗಲಿಲ್ಲ.

ನಾಲ್ಕು ದಿನ

ಬರುವಾಗ ಶಶಿ ಮಾತಾಡಲಿಲ್ಲ. ಮರುದಿನವೂ ಅಷ್ಟಕ್ಕಷ್ಟೆ. ನಾನು ಅಕ್ಕಿ ತರಿ ಬೇಯಿಸಿ ಪುಂಡಿ ಕಟ್ಟಿದೆ, ಕೋಳಿ ಸಾರು ಮಾಡಿದೆ. ಜಗದೀಶ ಮಾತ್ರ "ಮಾಮಿ, ನೀವು ಎಳೆದದ್ದು ದೊಡ್ಡದಲ್ಲ, ಕಲ್ಲು ಸಮೇತ ಎಳೆದಿರಲ್ಲ, ಅದು ದೊಡ್ಡದು" ಎಂದು ತಮಾಷೆ ಮಾಡಿದ. ಶಶಿ ಅವನನ್ನು ನುಂಗುವ ಹಾಗೆ ನೋಡಿದಳು.

ಅಲ್ಲಿಯವರಿಗೆ ಸಿಟ್ಟು ಬಂದಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ನಮ್ಮಲ್ಲಿಯಾದರೆ ಅಂಗಡಿಯವನು ಮುಖ ತಿರುಗಿಸಿದರೆ ಗೊತ್ತಾಗುತ್ತದೆ. ಇಲ್ಲಿ ಎಲ್ಲರೂ ಮೊದಲಿನಷ್ಟೇ ನಗುತ್ತಿದ್ದರು, ಬಿಸಿಲುಂಟು ಎನ್ನುತ್ತಿದ್ದರು.

ನಾಲ್ಕನೇ ದಿನ ಬಾಗಿಲ ಗಂಟೆ ಆಯಿತು. ಲೆನ್ನಾರ್ಟ್! ಮೆಟ್ಟಿಲಲ್ಲೇ ಶೂ ಬಿಚ್ಚಿ ಒಳಗೆ ಬಂದರು. ಶಶಿ ಗಡಿಬಿಡಿಯಲ್ಲಿ ಪ್ಲಾಸ್ಟಿಕ್ ಇದ್ದ ಕುರ್ಚಿಯನ್ನೇ ಎಳೆದು ಕೊಟ್ಟಳು, ಅವರು ಸದ್ದು ಮಾಡುತ್ತ ಕೂತರು. ನಾನು ನೀರು, ಬೆಲ್ಲ ತಂದಿಟ್ಟೆ. ಬೆಲ್ಲ ಯಾಕೆಂದು ತಿಳಿಯದೆ ಅವರು ಅದನ್ನು ನೀರಿಗೆ ಹಾಕಿ ಕಲಕಿದರು. ನಾವು ಯಾರೂ ತಿದ್ದಲಿಲ್ಲ.

ಅವರು ಹೇಳಿದ್ದನ್ನು ಶಶಿ ಹೇಳುತ್ತಾ ಹೋದಳು. ಮೊದಲು ಎಳೆದ ಮರದ ಮೊಟ್ಟೆ ಬೆಳ್ಳಗಾಗಿದೆ, ಸತ್ತಿದೆ. ಅದೇ ಹೆಚ್ಚು ಹೊತ್ತು ಬಿಸಿಲಿನಲ್ಲಿ ಇದ್ದದ್ದು. ಉಳಿದೆರಡು ಇನ್ನೂ ಬದುಕಿವೆ. ದಿನಾ ಬೆಳಿಗ್ಗೆ ಯಾರಾದರೂ ನೋಡಿ ಬರೆದಿಡಬೇಕು, ಆದರೆ ಬೆಳಿಗ್ಗೆ ಅವರು ಹೆಂಡತಿಯ ಬಳಿ ಇರಬೇಕು. ವಾರಿಜ ಬೇಗ ಏಳುತ್ತಾರೆ ಎಂದು ಶಶಿ ಒಮ್ಮೆ ಹೇಳಿದ್ದಳಲ್ಲ?

ಇದು ಕ್ಷಮೆಯೋ, ಶಿಕ್ಷೆಯೋ, ಬರಿಯ ಕೆಲಸವೋ ನನಗೆ ಇವತ್ತಿಗೂ ಗೊತ್ತಿಲ್ಲ. ತಲೆಯಾಡಿಸಿದೆ. ಅವರು ಬೆಲ್ಲದ ನೀರನ್ನು ಪೂರ್ತಿ ಕುಡಿದು ಹೋದರು.

ಬೆಳಿಗ್ಗೆಗಳು

ಅಲ್ಲಿ ಆ ತಿಂಗಳು ನಾಲ್ಕೂವರೆಗೇ ಬೆಳಗಾಗುತ್ತದೆ. ನಾನು ಐದಕ್ಕೆ ಕೆರೆಯಲ್ಲಿರುತ್ತಿದ್ದೆ. ಮರ ಎಳೆಯಬಾರದು, ಮುಟ್ಟಬಾರದು, ದಡದಿಂದ ಬಗ್ಗಿ ನೋಡಬೇಕು. ಪಟ್ಟಿ ತಿಳಿಯಾಗಿದ್ದರೆ ಒಂದು ಗೆರೆ, ಬೆಳ್ಳಗಾದದ್ದು ಕಂಡರೆ ಒಂದು ಸೊನ್ನೆ. ಸೊನ್ನೆ ಹಾಕುವ ದಿನ ನನಗೆ ತಿಂಡಿ ಇಳಿಯುತ್ತಿರಲಿಲ್ಲ. ಮೂರನೇ ದಿನದಿಂದ ಶಶಿಯೂ ಕೆಲಸಕ್ಕೆ ಹೋಗುವ ಮೊದಲು ಬಂದಳು. ಬಿರ್ಗಿಟ್ ನಾಯಿ ತಿರುಗಾಡಿಸುವ ದಾರಿ ಬದಲಿಸಿ ಅಲ್ಲಿಗೇ ಬರತೊಡಗಿದಳು. ನಿಂತು ಶಶಿಯೊಡನೆ ಮಾತಾಡುತ್ತಿದ್ದಳು. ಬಿಸಿಲಿನದ್ದು ಮುಗಿದ ಮೇಲೂ ಮಾತಾಡುತ್ತಿದ್ದಳು.

ಒಂದು ಬೆಳಿಗ್ಗೆ ಆ ದೋಣಿಯವನು ಹತ್ತಿರದಲ್ಲೇ ಹುಟ್ಟು ಹಾಕಿಕೊಂಡು ಹೋದ. ತನ್ನ ಹೆಸರು ಪುಸ್ತಕದಲ್ಲಿ ಬರೆಯಲು ಹೊರಟದ್ದು ಅವನಿಗೆ ತಿಳಿದಿರಲಿಕ್ಕಿಲ್ಲ. ಮುಖ ಸೊಟ್ಟ ಮಾಡಿ ಮರಗಳನ್ನು ನೋಡಿದ, ನನ್ನನ್ನೂ ನೋಡಿದ. ನಾನು ತಲೆ ಬಗ್ಗಿಸಿದೆ.

ಹೊರಡುವ ಹಿಂದಿನ ದಿನ

ಆ ಬೆಳಿಗ್ಗೆ ಬಗ್ಗಿ ನೋಡಿದರೆ ಪಟ್ಟಿಗಳು ಹರಿದು ಜೋತಾಡುತ್ತಿದ್ದವು. ಒಳಗೆ ಒಂದು ಕಣ್ಣೂ ಇಲ್ಲ. ಗೆರೆ ಹಾಕಬೇಕೋ ಸೊನ್ನೆ ಹಾಕಬೇಕೋ ತಿಳಿಯದೆ ಪೆನ್ಸಿಲ್ ಹಿಡಿದು ನಿಂತೆ. ಶಶಿ ಲೆನ್ನಾರ್ಟಿಗೆ ಫೋನ್ ಮಾಡಿದಳು. ಅವರು ಹೆಂಡತಿಯ ಊಟ ಮುಗಿಸಿ ಸೈಕಲಿನಲ್ಲಿ ಬಂದರು, ಹಿಂದೆ ಒಂದು ಬಿಳಿ ಬೋಗುಣಿ ಕಟ್ಟಿಕೊಂಡು.

"ಒಡೆದು ಹೊರಗೆ ಹೋದದ್ದಾ, ಬೇರೆ ಮೀನು ತಿಂದದ್ದಾ?" ಎಂದು ಶಶಿಯಿಂದ ಕೇಳಿಸಿದೆ.

ಅವರು ಹೆಗಲು ಹಾರಿಸಿದರು. ಬೂಟಿನಲ್ಲಿ ನೀರಿಗೆ ಇಳಿದು, ಮರದ ಬುಡದಿಂದ ಬೋಗುಣಿಯಲ್ಲಿ ನೀರು ಮೊಗೆದು, ಬಿಸಿಲಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಬೋಗುಣಿಯನ್ನು ನಮ್ಮ ನಡುವೆ ಕಲ್ಲಿನ ಮೇಲೆ ಇಟ್ಟರು. ನನಗೆ ನೀರು ಬಿಟ್ಟು ಏನೂ ಕಾಣಲಿಲ್ಲ.

"ಅಮ್ಮ," ಎಂದಳು ಶಶಿ, "ಕಣ್ಣು. ಬರೀ ಕಣ್ಣು ಓಡ್ತಾ ಉಂಟು!"

ಆಗ ಕಂಡಿತು. ಮೈಯೇ ಇಲ್ಲ, ನೀರಿನದ್ದೇ ಬಣ್ಣ. ಎರಡೆರಡು ಚುಕ್ಕೆ, ಬಿಳಿ ತಳದ ಮೇಲೆ ಅತ್ತ ಇತ್ತ. ಮೂರೋ, ನಾಲ್ಕೋ, ಎಣಿಸಲು ಹೋದರೆ ಜಾಗ ಬದಲಿಸುತ್ತಿದ್ದವು. ಶಶಿ ನಗುತ್ತಿದ್ದಾಳೋ ಅಳುತ್ತಿದ್ದಾಳೋ ನೋಡಲು ನಾನು ತಲೆ ಎತ್ತಲಿಲ್ಲ. ಎತ್ತಿದರೆ ಅವು ಇಲ್ಲವಾದಾವು ಎಂದು ಹೆದರಿಕೆ.

ಲೆನ್ನಾರ್ಟ್ ಬೋಗುಣಿಯನ್ನು ನನ್ನ ಕೈಗೆ ಕೊಟ್ಟು ಕೆರೆಯ ಕಡೆ ತೋರಿಸಿದರು. ನಾನು ಗಂಬೂಟಿನಲ್ಲಿ ಇಳಿದು, ಬೋಗುಣಿಯ ಅಂಚನ್ನು ನೀರಿಗೆ ತಾಗಿಸಿ, ನಿಧಾನವಾಗಿ ಬಗ್ಗಿಸಿದೆ. ಒಳಗಿನ ನೀರು ಹೊರಗಿನ ನೀರಿಗೆ ಸೇರಿತು. ಎಲ್ಲ ಹೋದ ಮೇಲೂ ಸ್ವಲ್ಪ ಹೊತ್ತು ಅದನ್ನು ನೀರೊಳಗೆ ಬೋರಲಾಗಿಯೇ ಹಿಡಿದುಕೊಂಡಿದ್ದೆ, ಒಂದಾದರೂ ಉಳಿದುಬಿಟ್ಟಿದ್ದರೆ ಎಂದು.